ಸಾಸವಡದ 10 ಗುಂಟೆಯಲ್ಲಿ ಬಾರ್ಲಿ: ನನ್ನ ಅನುಭವ

ನಮ್ಮ ಅವ್ವ ವಿಜಯಪುರದಿಂದ ಪುಣೆಗೆ ಬಂದಾಗಲೆಲ್ಲ ಬಾರ್ಲಿ ಗಂಜಿ ಕೇಳುತ್ತಾಳೆ. ಅಂಗಡಿಯ ಪಾಲಿಶ್ ಮಾಡಿದ ಕಾಳು ಅವಳಿಗೆ ಸೇರುವುದಿಲ್ಲ. ಅವಳ ಸಲುವಾಗಿಯೇ ಪುಣೆ ಬಳಿಯ ಸಾಸವಡದ ಹತ್ತಿರ, ನಮ್ಮ ಮನೆಯವರ ಗೆಳೆಯರ ಹೊಲದಲ್ಲಿ 10 ಗುಂಟೆ ಕೇಳಿ ಪಡೆದು ಬಾರ್ಲಿ ಹಾಕಿದೆ. ಈಗ ಎರಡು ಹಿಂಗಾರು ಮುಗಿದಿವೆ. ಶನಿವಾರ, ಭಾನುವಾರ ಪುಣೆಯ ಕೋಥರೂಡಿನಿಂದ ದಿವೆ ಘಾಟ್ ಹತ್ತಿ ಹೋಗುತ್ತೇನೆ. ಉಳಿದ ದಿನ ಪಕ್ಕದ ಹೊಲದ ಕಾಕಾ ಒಂದು ಕಣ್ಣಿಟ್ಟಿರುತ್ತಾರೆ.

ಮೊದಲು ಹೆಸರಿನ ಗೊಂದಲ ಹೇಳಿಬಿಡುತ್ತೇನೆ. ಬಾರ್ಲಿಗೆ ಜವೆಗೋಧಿ ಅನ್ನುತ್ತೇವೆ, ಆದರೆ ನಮ್ಮ ಕಡೆ ಎಷ್ಟೋ ಜನ ಸದಕ ಗೋಧಿಗೂ ಅದೇ ಹೆಸರು ಹೇಳುತ್ತಾರೆ. ಇಲ್ಲಿ ಮರಾಠಿಯಲ್ಲಿ ಬಾರ್ಲಿ ಅಂದರೆ ಸಾತು. ಬೀಜ ಕೇಳುವಾಗ ಕಾಳು ತೋರಿಸಿ ಕೇಳುವುದೇ ಒಳ್ಳೆಯದು.

ಮೊದಲ ವರ್ಷ ಪರಿಚಯದವರಿಂದ 10 ಕಿಲೋ ಬೀಜ ತಂದೆ. ಕಾಳು ದಪ್ಪಗೆ, ಹೊಂಬಣ್ಣಕ್ಕೆ ಇದ್ದವು. ನವೆಂಬರ್ ಮೊದಲ ವಾರ ಸಾಲಿನಿಂದ ಸಾಲಿಗೆ ಒಂದು ಗೇಣು ಬಿಟ್ಟು, ಎರಡು ಇಂಚು ಆಳಕ್ಕೆ ಬಿತ್ತಿದೆವು. ಪೈರು ಚೆನ್ನಾಗಿಯೇ ಎದ್ದಿತು. ಜನವರಿಯಲ್ಲಿ ತೆನೆ ಹೊರಬರುವ ಹೊತ್ತಿಗೆ ಒಂದು ಭಾನುವಾರ ಹೋದೆ. ಉಳಿದ ತೆನೆಗಳಿನ್ನೂ ಹೊಡೆಯಲ್ಲೇ, ಅಂದರೆ ಎಲೆಯ ಕವಚದೊಳಗೇ ಇದ್ದವು. ಅಲ್ಲಲ್ಲಿ ಕೆಲವು ಮಾತ್ರ ಮುಂಚೆಯೇ ಹೊರಗೆ ಬಂದು ನೆಟ್ಟಗೆ ನಿಂತಿದ್ದವು. ಹತ್ತಿರ ಹೋಗಿ ನೋಡಿದರೆ ಕಪ್ಪು! ಕಾಳಿರಬೇಕಾದ ಜಾಗದಲ್ಲೆಲ್ಲ ಈರುಳ್ಳಿ ಸಿಪ್ಪೆಗಿಂತ ತೆಳುವಾದ ಬೂದು ಪೊರೆ, ಅದರೊಳಗೆ ಮಸಿ. ಬೆರಳು ತಾಗಿಸಿದ್ದೇ ತಡ, ಪೊರೆ ಒಡೆದು ಕೈಯೆಲ್ಲ ಕಾಡಿಗೆಯಾಯಿತು. ಮುಂದಿನ ವಾರ ಹೋದಾಗ ಗಾಳಿ ಆ ಪುಡಿಯನ್ನೆಲ್ಲ ಹಾರಿಸಿಕೊಂಡು ಹೋಗಿತ್ತು. ಬರೀ ದಂಟು ಉಳಿದಿತ್ತು.

"ಕಾಣಿ ಬಂದಿದೆ," ಅಂದರು ಕಾಕಾ. ನಮ್ಮ ಕಾಡಿಗೆ ರೋಗಕ್ಕೆ ಇಲ್ಲಿಯ ಹೆಸರು ಅದು. ಯಾವ ಔಷಧಿ ಹೊಡೆಯಲಿ ಅಂತ ಕೇಳಿದೆ. ಅವರು ತಲೆಯಾಡಿಸಿದರು. ಹೊಡೆದು ಪ್ರಯೋಜನವಿರಲಿಲ್ಲ, ರೋಗ ಬಂದದ್ದು ಆ ತಿಂಗಳಲ್ಲಲ್ಲ. ಹಿಂದಿನ ವರ್ಷ ತಾಯಿ ಬೆಳೆ ಹೂ ಬಿಟ್ಟಾಗ ಈ ಪುಡಿ ಗಾಳಿಯಲ್ಲಿ ಬಂದು ಹೂವಿನೊಳಗೆ ಬಿದ್ದಿರುತ್ತದೆ. ಕಾಳಿನ ಜೊತೆ ಶಿಲೀಂಧ್ರವೂ ಒಳಗೇ ಕೂತಿರುತ್ತದೆ. ಹೊರಗಿನಿಂದ ನೋಡಿದರೆ ಕಾಳಿಗೆ ಏನೂ ಆಗಿಲ್ಲ. ಬಿತ್ತಿದ ಮೇಲೆ ಸಸಿಯ ಜೊತೆ ಮೇಲೇರಿ ತೆನೆಯಲ್ಲಿ ಕಾಣಿಸಿಕೊಳ್ಳುತ್ತದೆ. ಬೀಜ ಕೊಟ್ಟವರಿಗೂ ಗೊತ್ತಾಗಿರಲಿಕ್ಕಿಲ್ಲ ಅಂತಲೇ ನನ್ನ ನಂಬಿಕೆ.

ಪೊರೆ ಒಡೆಯದೆ ಉಳಿದಿದ್ದ ತೆನೆಗಳನ್ನು ಬೆಳಗಿನ ಇಬ್ಬನಿ ಇರುವಾಗಲೇ ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿ, ಕೆಳಗಿನಿಂದ ಕತ್ತರಿಸಿ ಸುಟ್ಟೆವು. ಚೀಲ ಹಾಕದೆ ಕಿತ್ತರೆ ನಾವೇ ಪುಡಿ ಹರಡಿದ ಹಾಗೆ.

ಆ ವರ್ಷ ಮಾಡಿದ ಇನ್ನೊಂದು ತಪ್ಪು ಯೂರಿಯಾ. ಈ ಜಾಗಕ್ಕೆ ಒಟ್ಟು 12-13 ಕಿಲೋ ಸಾಕು. ಅರ್ಧ ಬಿತ್ತುವಾಗ, ಅರ್ಧ ಮೊದಲ ನೀರಿನ ಜೊತೆ. ಪೈರು ಕಪ್ಪು ಹಸಿರಾಗಿ ಕಾಣಲಿ ಅಂತ ಆಸೆಗೆ ಜಾಸ್ತಿ ಹಾಕಿದೆ. ಮೆತ್ತಗೆ ಬೆಳೆದ ಪೈರಿಗೆ ಹೇನು (ರಸ ಹೀರುವ ಸಸ್ಯಹೇನು) ಮುತ್ತಿತು, ತೆನೆ ತೂಗಿದ ಮೇಲೆ ಅರ್ಧ ನೆಲಕ್ಕೆ ಒರಗಿತು. 110 ಕಿಲೋ ಮಾತ್ರ ಬಂತು.

ಆದರೂ ಅದೇ ಬೆಳೆಯಿಂದ ಬೀಜ ಇಟ್ಟುಕೊಂಡೆ, ಬಿಸಿಲಿನ ಉಪಚಾರ ಮಾಡಿ ನೋಡಲೇಬೇಕು ಅಂತ. ಮೇ ತಿಂಗಳ ಮೋಡವಿಲ್ಲದ ದಿನ ಬೆಳಿಗ್ಗೆ 8ಕ್ಕೆ ಕಾಳನ್ನು ನೀರಿಗೆ ಹಾಕಿದೆ. ತೇಲಿದ ಜೊಳ್ಳು ತೆಗೆದೆ. ನೀರು ಕುಡಿದ ಕಾಳಿನಲ್ಲಿ ಮಲಗಿದ್ದ ಶಿಲೀಂಧ್ರ ಎಚ್ಚರವಾಗುತ್ತದೆ, ಆಗ ಅದಕ್ಕೆ ಬಿಸಿ ತಡೆಯಲು ಆಗುವುದಿಲ್ಲ. 12ಕ್ಕೆ ತೆಗೆದು ತಾರಸಿಯ ಮೇಲೆ ಒಂದರ ಮೇಲೊಂದು ಬೀಳದ ಹಾಗೆ ಹರಡಿದೆ. ನೆಲ ಕಾಲಿಡಲಾರದಷ್ಟು ಕಾದಿತ್ತು. ಸಂಜೆ 4ರ ತನಕ ಬಿಟ್ಟೆ. ಮರುದಿನ ಮತ್ತೆ ಒಣಗಿಸಿ, ಹಲ್ಲಿಗೆ ಕಟ್ ಅಂದ ಮೇಲೆ ಡಬ್ಬಿಗೆ ತುಂಬಿದೆ. ಅಕ್ಟೋಬರಿನಲ್ಲಿ 100 ಕಾಳು ಎಣಿಸಿ ಒದ್ದೆ ಗೋಣಿಯಲ್ಲಿ ಸುತ್ತಿಟ್ಟೆ. 88 ಮೊಳೆತವು. ಆವತ್ತು ಆದ ಖುಷಿ ಸುಗ್ಗಿಯಲ್ಲೂ ಆಗಲಿಲ್ಲ!

ಬಿಸಿಲು ಸಿಗದಿದ್ದರೆ ಕಿಲೋ ಬೀಜಕ್ಕೆ 2ರಿಂದ 2.5 ಗ್ರಾಂ ಕಾರ್ಬಾಕ್ಸಿನ್ ಲೇಪಿಸುತ್ತಾರೆ. ಅದು ಕಾಳಿನ ಒಳಗೆ ಇಳಿಯುವ ಔಷಧಿ. ಬರೀ ಮೇಲೆ ಉಳಿಯುವ ಪುಡಿ ಈ ರೋಗಕ್ಕೆ ಸಾಲದು. ಹಾಗೆ ಲೇಪಿಸಿದ ಬೀಜ ಮಿಕ್ಕರೆ ಮನೆಗಾಗಲಿ ದನಕ್ಕಾಗಲಿ ಬಳಸಬೇಡಿ.

ಎರಡನೇ ವರ್ಷ ಕಳೆಗೂ ಮುಂಚೆಯೇ ತಯಾರಾದೆ. ಬಿತ್ತುವ ಮೊದಲು ಹೊಲಕ್ಕೆ ಒಮ್ಮೆ ನೀರು ಕೊಟ್ಟು ಕಳೆ ಏಳಲು ಬಿಟ್ಟೆ, ಎದ್ದ ಮೇಲೆ ಕುಂಟೆ ಹೊಡೆಸಿ ಬಿತ್ತಿದೆ. ಅರ್ಧ ಕಾಟ ಅಲ್ಲೇ ತಪ್ಪಿತು. 22ನೇ ದಿನಕ್ಕೆ ಒಮ್ಮೆ, 40ಕ್ಕೆ ಒಮ್ಮೆ ಕುರ್ಪಿಯಲ್ಲಿ ಕಸ ತೆಗೆದೆವು. ಅಗಲ ಎಲೆಯ ಕಳೆಗೆ 2,4-ಡಿ ಅನ್ನುವ ಕಳೆನಾಶಕ ಇದೆ, ಆದರೆ ಪಕ್ಕದಲ್ಲೇ ಕಾಕಾನ ಟೊಮೆಟೊ ಇತ್ತು. ಗಾಳಿಗೆ ಹನಿ ತೇಲಿ ಹೋದರೂ ಟೊಮೆಟೊ ಎಲೆ ಮುರುಟುತ್ತದೆ, ಹಾಗಾಗಿ ಮುಟ್ಟಲಿಲ್ಲ. ಎದ್ದ ಚಕ್ಕೋತ ಸೊಪ್ಪು, ಅಂದರೆ ಇಲ್ಲಿಯವರ ಚಾಕವತ, ಕಸ ತೆಗೆಯಲು ಬಂದ ಮಾವುಶಿಯರ ಜೊತೆ ಹಂಚಿಕೊಂಡು ಪಲ್ಯಕ್ಕಾಯಿತು. ಹುಲ್ಲಿನ ಜಾತಿಯ ಕಳೆ ಮಾತ್ರ ಪೈರಿನ ಹಾಗೇ ಕಾಣುತ್ತದೆ. ಅದಕ್ಕೆ ಮಾವುಶಿ ಒಂದು ಗುರುತು ತೋರಿಸಿದರು. ಬಾರ್ಲಿಯ ಎಲೆ ದಂಟಿಗೆ ಕೂಡುವ ಕಡೆ ಎರಡು ಬಿಳಿ ಕೊಕ್ಕೆ ಇರುತ್ತವೆ, ದಂಟನ್ನು ತಬ್ಬಿ ಒಂದರ ಮೇಲೊಂದು ಹಾಯ್ದಿರುತ್ತವೆ. ಅದಿಲ್ಲದ್ದನ್ನೆಲ್ಲ ಕಿತ್ತೆವು.

ಜನವರಿಯಲ್ಲಿ ಹೇನು ಮತ್ತೆ ಬಂತು. ಇಲ್ಲಿ ಮಾವಾ ಅನ್ನುತ್ತಾರೆ. ಸುರುಳಿ ಬಿಚ್ಚದ ಎಲೆಯೊಳಗೆ ನೀಲಿ ಹಸಿರು ಗುಂಪು, ಮುಟ್ಟಿದರೆ ಅಂಟು. ಔಷಧಿ ಅಂಗಡಿಗೆ ಹೊರಟವಳು ಮೊದಲು ಹೊಲ ಸುತ್ತಿ ಬಂದೆ. ಬದುವಿನ ಎರಡು ಸಾಲಿನಲ್ಲಿ ಮಾತ್ರ ಇತ್ತು. ಅದೇ ಎಲೆಗಳ ಮೇಲೆ ಗುಲಗಂಜಿ ಹುಳುವಿನ ಮರಿಗಳೂ ಇದ್ದವು. ಕಪ್ಪಗೆ, ಕಿತ್ತಳೆ ಚುಕ್ಕೆಯ, ಪುಟ್ಟ ಮೊಸಳೆಯ ಹಾಗಿರುತ್ತವೆ. ಹಿಂದಿನ ವರ್ಷ ಇವನ್ನೇ ಕೀಟ ಅಂದುಕೊಂಡು ಹೊಸಕಿದ್ದೆ. ಈಗ ನೆನೆದರೆ ಸಂಕಟವಾಗುತ್ತದೆ, ಅವು ದಿನವಿಡೀ ಹೇನು ತಿನ್ನುವ ಹುಳುಗಳು. ತೀರಾ ಮುತ್ತಿದ್ದ ಎಲೆ ಚಿವುಟಿ ತೆಗೆದು, ಹುಳು ಇಲ್ಲದ ಕಡೆ ಮಾತ್ರ ಲೀಟರಿಗೆ 5 ಮಿಲಿ ಬೇವಿನೆಣ್ಣೆ, ಸ್ವಲ್ಪ ಸೋಪು ಕಲಸಿ ಹೊಡೆದೆ. ಎರಡು ವಾರದಲ್ಲಿ ಇಳಿಯಿತು.

ಗೆದ್ದಲು ಬರುವುದು ಅರೆ ಕೊಳೆತ ಗೊಬ್ಬರಕ್ಕೆ, ಪೂರ್ತಿ ಕಳಿತದ್ದನ್ನೇ ಹಾಕಿದೆ. ನೀರು ಮೂರು ಸಲ, ನಿಲ್ಲದ ಹಾಗೆ. ಕೊನೆಯಲ್ಲಿ ಎಲೆಗೆ ಸ್ವಲ್ಪ ತುಕ್ಕು ರೋಗ ಬಂತು, ಅಷ್ಟರಲ್ಲಿ ಕಾಳು ಗಟ್ಟಿಯಾಗಿದ್ದರಿಂದ ಬಿಟ್ಟುಬಿಟ್ಟೆ.

ತೆನೆ ಬರುವಾಗ ಒಂದೊಂದು ಸಾಲನ್ನೂ ನಡೆದು ನೋಡಿದೆ. 10 ಗುಂಟೆಗೆ ಮೂರೇ ಕಪ್ಪು ತೆನೆ. ಫೆಬ್ರವರಿ ಕೊನೆಗೆ 170 ಕಿಲೋ ಕೈಗೆ ಬಂತು.

ಈ ಸಲ ಕಾಕಾ ತಾವೂ ಎರಡು ಗುಂಟೆ ಹಾಕುತ್ತೇನೆ ಅಂದಿದ್ದಾರೆ. ಎರಡು ಕಿಲೋ ಬೀಜ ಅಳೆಯಲು ಹೋದರೆ ತಡೆದರು. "ಈಗ ಬೇಡ ಮಗಳೇ, ಮೇ ಬಿಸಿಲು ಕಂಡ ಮೇಲೆ ಕೊಡು."