ಬಚ್ಚಲ ನೀರಿಗೆ ಎರಡನೆಯ ಕೆಲಸ: ಸ್ವಂತ ಮನೆಯಲ್ಲಿ ಮರುಬಳಕೆ ಮಾಡುವುದು ಹೇಗೆ?

ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿಗೆ ಕಾವೇರಿ ನೀರು ತೊರೆಕಾಡನಹಳ್ಳಿಯ ಕಡೆಯಿಂದ ನೂರು ಕಿಲೋಮೀಟರಿನಷ್ಟು ದೂರ ಕ್ರಮಿಸಿ, ಪಂಪುಗಳ ಬಲದಿಂದ ಹಂತ ಹಂತವಾಗಿ ಬೆಟ್ಟವೇರಿದಂತೆ ಏರಿ ಬರುತ್ತದೆ. 1974ರಲ್ಲಿ ಮೊದಲ ಹಂತದ ನೀರು ಬಂತು. 2024ರ ಅಕ್ಟೋಬರ್‌ನಲ್ಲಿ ಐದನೆಯ ಹಂತವೂ ಉದ್ಘಾಟನೆಗೊಂಡು ದಿನಕ್ಕೆ 775 ದಶಲಕ್ಷ ಲೀಟರ್ ಸೇರ್ಪಡೆಯಾಯಿತು. ಇಷ್ಟು ಖರ್ಚಿನಿಂದ ಬಂದ ನೀರಿನ ಬಹುಪಾಲು ಒಂದೇ ಸಲ ಮೈಮೇಲೆ ಅಥವಾ ಬಟ್ಟೆಯ ಮೇಲೆ ಹರಿದು ಒಳಚರಂಡಿ ಸೇರುತ್ತದೆ. ಐದನೆಯ ಹಂತಕ್ಕೆ ಕೆಲವೇ ತಿಂಗಳ ಹಿಂದೆ, 2024ರ ಮಾರ್ಚ್‌ನಲ್ಲಿ, ಕುಡಿಯುವ ನೀರಿನಿಂದ ಕಾರು ತೊಳೆಯುವುದನ್ನೂ ಕೈತೋಟಕ್ಕೆ ಹಾಯಿಸುವುದನ್ನೂ ನಿಷೇಧಿಸಿ ಜಲಮಂಡಳಿ 5,000 ರೂಪಾಯಿ ದಂಡ ಘೋಷಿಸಿದಾಗ, ಬಚ್ಚಲಿನ ನೀರನ್ನು ಏನು ಮಾಡಬಹುದು ಎಂದು ಅನೇಕ ಮನೆಗಳಲ್ಲಿ ಮೊದಲ ಸಲ ಯೋಚಿಸಲಾಯಿತು.

ಅಪಾರ್ಟ್‌ಮೆಂಟ್‌ಗಳ ಶುದ್ಧೀಕರಣ ಘಟಕಗಳ ವಿಚಾರ ಬೇರೆಯೇ ಆದ್ದರಿಂದ ಅದನ್ನು ಇಲ್ಲಿ ತೆಗೆದುಕೊಂಡಿಲ್ಲ. ಇದು 30x40 ಅಥವಾ 40x60 ನಿವೇಶನದ ಸ್ವಂತ ಮನೆಯವರಿಗಾಗಿ. ಮಾರುಕಟ್ಟೆಯಲ್ಲಿ ಸಿಗುವ ಯಂತ್ರಗಳ ಬಗ್ಗೆ ವಿಚಾರಿಸುವ ಮೊದಲು ತಿಳಿಯಬೇಕಾದ ಮಾತೊಂದಿದೆ. ಈ ಕೆಲಸದಲ್ಲಿ ಮುಕ್ಕಾಲು ಪಾಲು ಪೈಪುಗಳನ್ನು ಬೇರ್ಪಡಿಸುವುದು, ಉಳಿದ ಕಾಲು ಪಾಲು ಮಾತ್ರ ಶುದ್ಧೀಕರಣ. ಯಾವ ನೀರು ಎಲ್ಲಿ ಹೊರಬೀಳುತ್ತದೆ ಎಂಬುದು ಗೊತ್ತಿಲ್ಲದ ಮನೆಗೆ ಯಾವ ಫಿಲ್ಟರ್ ತಂದರೂ ಉಪಯೋಗವಿಲ್ಲ.

ಮೊದಲು ಲೆಕ್ಕ

ನಗರದ ಮನೆಗಳಿಗೆ ಭಾರತದಲ್ಲಿ ಬಳಸುವ ಮಾನದಂಡ ಒಬ್ಬರಿಗೆ ದಿನಕ್ಕೆ 135 ಲೀಟರ್. ಅದರ ಹಂಚಿಕೆ ಹೀಗಿದೆ: ಸ್ನಾನಕ್ಕೆ 55, ಶೌಚಾಲಯದ ಫ್ಲಷ್‌ಗೆ 30, ಬಟ್ಟೆ ಒಗೆಯಲು 20, ಪಾತ್ರೆಗೆ 10, ಮನೆ ಸ್ವಚ್ಛತೆಗೆ 10, ಅಡುಗೆಗೆ ಮತ್ತು ಕುಡಿಯಲು ತಲಾ 5. ನಾಲ್ಕು ಜನರ ಮನೆಯಲ್ಲಿ ಸ್ನಾನ ಮತ್ತು ಬಟ್ಟೆಯ ನೀರೇ ದಿನಕ್ಕೆ 300 ಲೀಟರ್ ಆಗುತ್ತದೆ. ಅದೇ ಮನೆಯ ಫ್ಲಷ್‌ಗೆ ಬೇಕಾಗುವುದು 120 ಲೀಟರ್. ಅಂದರೆ ಫ್ಲಷ್ ಪೂರ್ತಿ ಮರುಬಳಕೆಯ ನೀರಿನಿಂದಲೇ ನಡೆದರೂ 180 ಲೀಟರ್ ಗಿಡಗಳಿಗೆ ಉಳಿಯುತ್ತದೆ. ಟ್ಯಾಂಕರ್ ನಂಬಿದವರು ಇದನ್ನೇ ಇನ್ನೊಂದು ರೀತಿಯಲ್ಲಿ ನೋಡಬಹುದು: ಆ 300 ಲೀಟರ್ ಇಪ್ಪತ್ತು ದಿನಕ್ಕೆ 6,000 ಲೀಟರಿನ ಒಂದು ಟ್ಯಾಂಕರಿಗೆ ಸಮ.

ಸ್ನಾನದ ಮನೆ, ಕೈ ತೊಳೆಯುವ ಬೇಸಿನ್ ಮತ್ತು ಬಟ್ಟೆ ಒಗೆಯುವ ಯಂತ್ರದಿಂದ ಬರುವುದು ಬೂದು ನೀರು. ಕಮೋಡಿನಿಂದ ಬರುವುದು ಕಪ್ಪು ನೀರು. ಅದನ್ನು ಮನೆಯ ಮಟ್ಟದಲ್ಲಿ ಮುಟ್ಟುವ ಯೋಚನೆಯನ್ನೇ ಬಿಡಬೇಕು. ಅಡುಗೆಮನೆಯ ಸಿಂಕಿನ ನೀರು ಇವೆರಡರ ನಡುವಿನದು. ಎಣ್ಣೆ, ಜಿಡ್ಡು, ಅನ್ನದ ಅಗುಳು ಇರುವ ಆ ನೀರು ಕೆಲವೇ ಗಂಟೆಗಳಲ್ಲಿ ನಾರುತ್ತದೆಯಾದ್ದರಿಂದ ಹೊಸಬರು ಅದನ್ನು ಮೊದಲಿಗೆ ಸೇರಿಸದಿರುವುದು ಒಳಿತು. ಮಗುವಿನ ಮಲದ ಬಟ್ಟೆ ಒಗೆದ ನೀರು ಮತ್ತು ಮನೆಯಲ್ಲಿ ವಾಂತಿಭೇದಿ ಆದವರಿದ್ದಾಗಿನ ಬಚ್ಚಲ ನೀರನ್ನು ಕಪ್ಪು ನೀರೆಂದೇ ಎಣಿಸಬೇಕು.

ಪೈಪುಗಳ ಪತ್ತೆ

ಮನೆಯ ಹಿಂದಿನ ಡಕ್ಟ್ ಅಥವಾ ಓಣಿಯಲ್ಲಿ ನಿಂತು ಮೇಲಿನಿಂದ ಇಳಿಯುವ ಪೈಪುಗಳನ್ನು ನೋಡಿ. ಹಳೆಯ ಮನೆಗಳಲ್ಲಿ ಸಾಮಾನ್ಯವಾಗಿ ಎರಡು ಪೈಪುಗಳಿರುತ್ತವೆ. ದಪ್ಪನೆಯದು ಕಮೋಡಿನದು, ನೇರವಾಗಿ ಚೇಂಬರಿಗೆ, ಅಂದರೆ ಒಳಚರಂಡಿಯ ಮುಚ್ಚಳವಿರುವ ಗುಂಡಿಗೆ, ಹೋಗುತ್ತದೆ. ಇನ್ನೊಂದು ಬಚ್ಚಲಿನದು, ಅದು ನೆಲದಲ್ಲಿ ಗಲ್ಲಿ ಟ್ರ್ಯಾಪ್ ಎಂಬ ಸಣ್ಣ ಗುಂಡಿಗೆ ಬಿದ್ದು, ಅಲ್ಲಿಂದ ಚೇಂಬರ್ ಸೇರುತ್ತದೆ. ಈ ಎರಡನೆಯ ಪೈಪು ಇದ್ದರೆ ನಿಮ್ಮ ಅರ್ಧ ಕೆಲಸ ಮುಗಿದಂತೆ. ಗಲ್ಲಿ ಟ್ರ್ಯಾಪಿಗಿಂತ ಮೇಲೆ ಪೈಪನ್ನು ಕತ್ತರಿಸಿ ಮೂರು ದಾರಿಯ ವಾಲ್ವ್ ಕೂರಿಸಿದರೆ ಒಂದು ದಾರಿ ತೋಟಕ್ಕೆ, ಇನ್ನೊಂದು ಮೊದಲಿನಂತೆ ಒಳಚರಂಡಿಗೆ. ಟ್ರ್ಯಾಪನ್ನು ಮಾತ್ರ ಕೀಳಿಸಬಾರದು. ಅದರಲ್ಲಿ ನಿಂತ ನೀರೇ ಚರಂಡಿಯ ಗಾಳಿಯನ್ನೂ ಜಿರಳೆಗಳನ್ನೂ ಮನೆಗೆ ಬರದಂತೆ ತಡೆಯುವ ಕಾವಲು.

ಹೊಸ ಮನೆಗಳಲ್ಲಿ ಎಲ್ಲವನ್ನೂ ಒಂದೇ ಪೈಪಿಗೆ ಇಳಿಸಿರುವುದುಂಟು. ಅನುಮಾನವಿದ್ದರೆ ಬಚ್ಚಲಿಗೆ ಒಂದು ಬಕೆಟ್ ನೀರಿನಲ್ಲಿ ರಂಗೋಲಿ ಬಣ್ಣ ಕಲಸಿ ಸುರಿದು, ಬಣ್ಣ ಎಲ್ಲಿ ಕಾಣಿಸಿಕೊಳ್ಳುತ್ತದೆ ಎಂದು ಕೆಳಗೆ ನೋಡಿಸಿ. ಒಂದೇ ಪೈಪಿನ ಮನೆಯವರು ನೆಲ ಒಡೆಸುವ ಬದಲು ಬಟ್ಟೆಯ ಯಂತ್ರದ ನೀರಿಗಷ್ಟೇ ತೃಪ್ತಿಪಡುವುದು ವಿವೇಕ. ಮನೆಯನ್ನು ಈಗ ಕಟ್ಟಿಸುತ್ತಿರುವವರು ಇಂದೇ ಪ್ಲಂಬರಿಗೆ ಹೇಳಿ ಎರಡು ಪೈಪು ಹಾಕಿಸಲಿ. ಆಗ ತಗಲುವ ಹೆಚ್ಚುವರಿ ಖರ್ಚು, ಮುಂದೆ ಟೈಲ್ಸ್ ಒಡೆಸುವ ಖರ್ಚಿನ ಎದುರು ಲೆಕ್ಕಕ್ಕೇ ಬರುವುದಿಲ್ಲ.

ಇನ್ನೊಂದು ಅಂಶವನ್ನು ಪ್ಲಂಬರುಗಳು ತಾವಾಗಿ ಹೇಳುವುದು ಕಡಿಮೆ. ಮೊದಲ ಮಹಡಿಯ ಬಚ್ಚಲಿನ ನೀರು ಇಳಿಜಾರಿನಲ್ಲೇ ತೋಟ ತಲುಪುತ್ತದೆ. ನೆಲಮಹಡಿಯ ಬಚ್ಚಲಿನ ಹೊರದಾರಿ ಅಂಗಳದ ಮಟ್ಟಕ್ಕಿಂತ ಕೆಳಗಿರುವುದರಿಂದ ಅದಕ್ಕೆ ಗುಂಡಿ, ಪಂಪು, ವಿದ್ಯುತ್ತು ಎಲ್ಲವೂ ಬೇಕು. ಆದ್ದರಿಂದ ಮೇಲಿನ ಮಹಡಿಯಿಂದ ಆರಂಭಿಸಿ.

ಬಟ್ಟೆಯ ಯಂತ್ರದಿಂದ ಆರಂಭ

ಎಲ್ಲಕ್ಕಿಂತ ಸುಲಭವಾದ ನೀರು ಇದು. ಯಂತ್ರದ ಹೊರಪೈಪು ಈಗಾಗಲೇ ಪ್ರತ್ಯೇಕವಾಗಿದೆ, ಅದರೊಳಗೆ ಪಂಪೂ ಇದೆ. ಯುಟಿಲಿಟಿಯಲ್ಲಿ ಅಥವಾ ತಾರಸಿಯಲ್ಲಿ ಯಂತ್ರದ ಪಕ್ಕ ಮುಚ್ಚಳವಿರುವ 100–200 ಲೀಟರಿನ ಡ್ರಮ್ ಇಡಿ. ಬಾಯಿಗೆ ಹಳೆಯ ನೈಲಾನ್ ಕಾಲುಚೀಲ ಕಟ್ಟಿದರೆ ನೂಲಿನ ಕಸ ಅಲ್ಲೇ ನಿಲ್ಲುತ್ತದೆ. ವಾರಕ್ಕೊಮ್ಮೆ ಅದನ್ನು ತಿರುಗಿಸಿ ತೊಳೆಯಬೇಕು. ಹೊರಪೈಪಿನ ತುದಿ ಡ್ರಮ್ಮಿನ ನೀರಿನಲ್ಲಿ ಮುಳುಗದಿರಲಿ, ಮುಳುಗಿದರೆ ನೀರು ಯಂತ್ರಕ್ಕೆ ಹಿಂದಿರುಗಿ ಎಳೆಯಲ್ಪಡಬಹುದು. ಒಂದು ಮೀಟರಿಗಿಂತ ಹೆಚ್ಚು ಎತ್ತರಕ್ಕೆ ಅದನ್ನು ಏರಿಸಿದರೆ ಯಂತ್ರದ ಪುಟ್ಟ ಪಂಪು ಬೇಗ ಸೋಲುತ್ತದೆ. ಡ್ರಮ್ಮಿನ ತಳದಿಂದ ನಾಲ್ಕು ಬೆರಳು ಮೇಲೆ ನಲ್ಲಿ ಕೂರಿಸಿ; ಕೆಸರು ಕೆಳಗೆ ಉಳಿಯುತ್ತದೆ.

ಮೊದಲ ಸುತ್ತಿನ ನೀರಿನಲ್ಲಿ ಕೊಳೆ ಮತ್ತು ಪುಡಿ ಹೆಚ್ಚು. ಅದನ್ನು ಅಂಗಳ ತೊಳೆಯಲು ಅಥವಾ ಕಮೋಡಿಗೆ ಬಳಸಿ, ಜಾಲಿಸಿದ ನೀರನ್ನು ಗಿಡಗಳಿಗೆ ಇಟ್ಟುಕೊಳ್ಳುವುದು ಉತ್ತಮ. ಕಮೋಡಿಗೆ ಬಳಸುವಾಗ ಫ್ಲಷ್ ಟ್ಯಾಂಕಿಗೆ ತುಂಬಬೇಡಿ. ಅದರ ರಬ್ಬರ್ ವಾಲ್ವಿನಲ್ಲಿ ಸೋಪಿನ ಪೊರೆ ಕಟ್ಟಿ ಸೋರತೊಡಗುತ್ತದೆ, ಆಗ ಉಳಿಸಿದ್ದಕ್ಕಿಂತ ಹೆಚ್ಚು ನೀರು ರಾತ್ರಿಯೆಲ್ಲ ಹರಿದುಹೋಗುತ್ತದೆ. ಐದಾರು ಲೀಟರನ್ನು ಬಕೆಟಿನಿಂದ ಒಂದೇ ಸಲಕ್ಕೆ ವೇಗವಾಗಿ ನೇರವಾಗಿ ಕಮೋಡಿಗೆ ಸುರಿದರೆ ಸಾಕು.

ಡ್ರಮ್ಮಿನಲ್ಲಿ ಹಿಡಿದ ನೀರನ್ನು 24 ಗಂಟೆಗಿಂತ ಹೆಚ್ಚು ಇಡಬಾರದು. ಈ ನಿಯಮಕ್ಕೆ ವಿನಾಯಿತಿ ಇಲ್ಲ. ಬೂದು ನೀರಿನಲ್ಲಿ ಚರ್ಮದ ಕಣ, ಬೆವರು, ಸೋಪಿನ ಕೊಬ್ಬು ಇರುತ್ತವೆ. ಬ್ಯಾಕ್ಟೀರಿಯಾಗಳು ಅವನ್ನು ತಿನ್ನುತ್ತಾ ನೀರಿನಲ್ಲಿರುವ ಆಮ್ಲಜನಕವನ್ನು ಮುಗಿಸುತ್ತವೆ, ಆಮೇಲೆ ಕೊಳೆತ ಮೊಟ್ಟೆಯ ವಾಸನೆ ಆರಂಭವಾಗುತ್ತದೆ. ದೊಡ್ಡ ಟ್ಯಾಂಕ್ ಕಟ್ಟಿಸಿ ಬೇಸಿಗೆಗೆ ಕೂಡಿಡುವ ಆಸೆ ಮಳೆನೀರಿಗೆ ಸರಿ, ಬಚ್ಚಲ ನೀರಿಗೆ ಸಲ್ಲದು.

ಸೋಪು ಮತ್ತು ಮಣ್ಣು

ಹಿಂದೆ ಹಿತ್ತಲಿನ ಬಾಳೆ, ಕೆಸು ಬಚ್ಚಲ ನೀರಿನಲ್ಲೇ ಬೆಳೆಯುತ್ತಿದ್ದವು. ಆಗ ಆ ನೀರಿನಲ್ಲಿ ಇದ್ದದ್ದು ಸೀಗೆಪುಡಿ, ಕಡಲೆಹಿಟ್ಟು. ಇಂದಿನ ಬಟ್ಟೆಪುಡಿಗಳಲ್ಲಿ ಸೋಡಿಯಂ ಕಾರ್ಬೊನೇಟ್, ಸೋಡಿಯಂ ಸಲ್ಫೇಟ್ ಮುಂತಾದವು ಧಾರಾಳವಾಗಿವೆ. ಸೋಡಿಯಂ ಹೆಚ್ಚಾದ ಮಣ್ಣಿನ ಕಣಗಳು ಬಿಡಿಬಿಡಿಯಾಗಿ ರಂಧ್ರಗಳನ್ನು ಮುಚ್ಚುತ್ತವೆ, ನೀರು ಇಂಗುವುದಿಲ್ಲ, ಮೇಲ್ಪದರ ಒಣಗಿದಾಗ ಗಟ್ಟಿಯಾಗುತ್ತದೆ. ಎಲೆಗಳ ಅಂಚು ಕಂದುಬಣ್ಣಕ್ಕೆ ತಿರುಗುವುದು ಮೊದಲ ಸೂಚನೆ. ಪುಡಿಯ ಬದಲು ದ್ರವರೂಪದ ಡಿಟರ್ಜೆಂಟ್ ಬಳಸಿದರೆ ಸೋಡಿಯಂ ಬಹಳಷ್ಟು ತಗ್ಗುತ್ತದೆ. ಬೊರಾಕ್ಸ್ ಇರುವುದನ್ನು ಕೊಳ್ಳಬೇಡಿ. ಬೋರಾನ್ ಗಿಡಕ್ಕೆ ಚಿಟಿಕೆಯಷ್ಟು ಪೋಷಕ, ಅದಕ್ಕಿಂತ ಹೆಚ್ಚಾದರೆ ವಿಷ. ಬ್ಲೀಚ್ ಬಳಸಿದ ದಿನ ವಾಲ್ವನ್ನು ಚರಂಡಿಯ ಕಡೆಗೆ ತಿರುಗಿಸಿ. ಅಂಟುವಾಳಕಾಯಿಗೆ ಮರಳಿದವರಿಗೆ ಈ ತಲೆನೋವೇ ಇಲ್ಲ.

ಬಾಳೆ, ಪರಂಗಿ, ಕಾಬಾಳೆ (ಕ್ಯಾನಾ), ಕೆಸು, ತೆಂಗು ಈ ನೀರನ್ನು ಚೆನ್ನಾಗಿ ತಾಳಿಕೊಳ್ಳುತ್ತವೆ. ಹುಳಿಮಣ್ಣು ಬಯಸುವ ಕೇಪಳ, ಗಾರ್ಡೇನಿಯ, ಜರೀಗಿಡಗಳಿಗೆ ಹಾಕಬಾರದು, ಏಕೆಂದರೆ ಸಾಬೂನಿನ ನೀರು ಕ್ಷಾರೀಯ. ಹಸಿಯಾಗಿ ತಿನ್ನುವ ಕೊತ್ತಂಬರಿ, ಮೂಲಂಗಿ, ಕ್ಯಾರೆಟ್‌ಗಳ ಪಾತಿಗೂ ಬೇಡ. ಎಲೆಯ ಮೇಲೆ ಚಿಮುಕಿಸದೆ ಬುಡಕ್ಕೆ, ಒಣ ಎಲೆಯ ಹೊದಿಕೆಯ ಕೆಳಗೆ ಹರಿಸಿ. ತಾರಸಿಯ ಕುಂಡಗಳಲ್ಲಿ ಉಪ್ಪು ಇಳಿದುಹೋಗಲು ಜಾಗವಿಲ್ಲದ ಕಾರಣ ಒಂದು ದಿನ ಬೂದು ನೀರು, ಮರುದಿನ ಸಿಹಿನೀರು ಎಂಬ ಸರದಿ ಇಟ್ಟುಕೊಳ್ಳಬೇಕು. ನೆಲದಲ್ಲಿರುವ ಗಿಡಗಳ ಮಣ್ಣನ್ನು ನಮ್ಮ ಮುಂಗಾರು, ಹಿಂಗಾರುಗಳೇ ತೊಳೆದುಕೊಡುತ್ತವೆ.

ಕಾಬಾಳೆಯ ಪಾತಿ

ಬಚ್ಚಲಿನ ನೀರನ್ನೂ ಸೇರಿಸಿ ಫ್ಲಷ್‌ವರೆಗೆ ಒಯ್ಯಬೇಕೆನ್ನುವವರಿಗೆ ಜಲ್ಲಿಯ ಪಾತಿ ಬೇಕು. ಒಬ್ಬರಿಗೆ ಸುಮಾರು ಒಂದು ಚದರ ಮೀಟರ್ ಎಂದು ಹಿಡಿದರೆ ನಾಲ್ವರಿಗೆ ಒಂದು ಮೀಟರ್ ಅಗಲ, ನಾಲ್ಕು ಮೀಟರ್ ಉದ್ದ, 60 ಸೆಂಟಿಮೀಟರ್ ಆಳದ, ನೀರು ಸೋರದಂತೆ ಗಾರೆ ಮಾಡಿದ ತೊಟ್ಟಿ ಸಾಕು. ತಳ ಹೊರದಾರಿಯ ಕಡೆಗೆ ಕೊಂಚ ಇಳಿಜಾರಿರಲಿ. ಎರಡು ತುದಿಗಳಿಗೆ 40 ಮಿ.ಮೀ.ನ ದಪ್ಪ ಜಲ್ಲಿ, ನಡುವೆ 10ರಿಂದ 20 ಮಿ.ಮೀ.ನ ತೊಳೆದ ಜಲ್ಲಿ ತುಂಬಿ. ಹೊರಪೈಪಿನ ಎತ್ತರವನ್ನು, ನೀರು ಜಲ್ಲಿಯ ಮೇಲ್ಮೈಗಿಂತ 5ರಿಂದ 10 ಸೆಂಟಿಮೀಟರ್ ಕೆಳಗೇ ನಿಲ್ಲುವಂತೆ ಹೊಂದಿಸಬೇಕು. ಮೇಲೆ ನೀರು ಕಾಣಿಸದಿದ್ದರೆ ಸೊಳ್ಳೆಗೆ ಮೊಟ್ಟೆಯಿಡಲು ಎಡೆಯೇ ಇರುವುದಿಲ್ಲ. ಡೆಂಗಿಯ ಊರಿನಲ್ಲಿ ಇದು ಕಡೆಗಣಿಸುವ ಮಾತಲ್ಲ.

ಜಲ್ಲಿಯ ನಡುವಿನ ಖಾಲಿ ಜಾಗ ಸುಮಾರು ಶೇ 35. ಆದ್ದರಿಂದ ಈ ಪಾತಿ ಸುಮಾರು 700 ಲೀಟರ್ ನೀರು ಹಿಡಿಯುತ್ತದೆ, ದಿನಕ್ಕೆ 300 ಲೀಟರ್ ಬಂದರೆ ಪ್ರತಿ ಹನಿಯೂ ಎರಡು ದಿನಕ್ಕಿಂತ ಹೆಚ್ಚು ಕಾಲ ಅಲ್ಲಿ ಉಳಿಯುತ್ತದೆ. ಕೊಳೆಯನ್ನು ತಿನ್ನುವುದು ಜಲ್ಲಿಗೆ ಅಂಟಿ ಬೆಳೆಯುವ ಸೂಕ್ಷ್ಮಜೀವಿಗಳು. ಕಾಬಾಳೆ, ಆಪು, ಛತ್ರಿಹುಲ್ಲಿನ ಬೇರುಗಳು ಅವುಗಳಿಗೆ ನೆಲೆ ಮತ್ತು ಅಲ್ಪಸ್ವಲ್ಪ ಆಮ್ಲಜನಕ ಒದಗಿಸುತ್ತವೆ. ಹಾಗಾಗಿ ಮೊದಲ ತಿಂಗಳು ಫಲಿತಾಂಶ ಕಾಣದಿದ್ದರೆ ಗಾಬರಿ ಬೇಡ, ಅವು ಬೆಳೆಯಲು ಸಮಯ ಬೇಕು. ಪಾತಿಗೆ ಮೊದಲು ಕೂದಲು, ಕೆಸರು ತಂಗುವ ಸಣ್ಣ ಗುಂಡಿ ಕಡ್ಡಾಯ. ಅದನ್ನು ಬಿಟ್ಟವರ ಜಲ್ಲಿ ಬೇಗನೆ ಕಟ್ಟಿಕೊಳ್ಳುತ್ತದೆ.

ಜಾಗವಿಲ್ಲವೆಂದು ಇದೇ ಪಾತಿಯನ್ನು ತಾರಸಿಗೆ ಏರಿಸಬಾರದು. ಜಲ್ಲಿ, ನೀರು ಸೇರಿ ಪ್ರತಿ ಚದರ ಮೀಟರಿಗೆ ಒಂದು ಟನ್ನಿಗೂ ಮೀರಿದ ತೂಕ ಬೀಳುತ್ತದೆ. ಓಡಾಡುವ ಸಾಮಾನ್ಯ ತಾರಸಿಯ ವಿನ್ಯಾಸದಲ್ಲಿ ಹಿಡಿಯುವ ಹೊರೆ ಚದರ ಮೀಟರಿಗೆ 150 ಕಿಲೋ ಮಾತ್ರ. ಸ್ಟ್ರಕ್ಚರಲ್ ಎಂಜಿನಿಯರ್ ನೋಡಿ ಒಪ್ಪದೆ ಅಲ್ಲಿ ಜಲ್ಲಿ ತುಂಬಿದ ಒಂದು ಡ್ರಮ್ ಇಡುವುದಕ್ಕೂ ಯೋಚಿಸಬೇಕು.

ಪಾತಿಯಿಂದ ಹೊರಬಂದ ನೀರು ತಿಳಿಯಾಗಿ ಕಂಡರೂ ಕುಡಿಯುವ ನೀರಲ್ಲ. ಅದಕ್ಕೆ ಕ್ಲೋರಿನ್ ಹಾಕಿ, ಪ್ರತ್ಯೇಕ ಸಣ್ಣ ಟ್ಯಾಂಕಿಗೆ ಏರಿಸಿ, ಬೇರೆ ಬಣ್ಣದ ಪೈಪಿನಲ್ಲಿ ಫ್ಲಷ್‌ಗಷ್ಟೇ ಒಯ್ಯಬೇಕು. ಆ ಟ್ಯಾಂಕಿಗೆ ಕಾವೇರಿ ನೀರಿನ ಬದಲಿ ಸಂಪರ್ಕ ಕೊಡುವುದಾದರೆ ಕಾವೇರಿ ಪೈಪಿನ ತುದಿ ಟ್ಯಾಂಕಿನ ನೀರಿನ ಮಟ್ಟಕ್ಕಿಂತ ಮೇಲೆ, ಗಾಳಿಯಲ್ಲೇ ನಿಲ್ಲಬೇಕು. ನೇರ ಜೋಡಣೆಯಲ್ಲಿ ಒಂದು ವಾಲ್ವ್ ಕೆಟ್ಟರೂ ಬಚ್ಚಲ ನೀರು ಅಡುಗೆಮನೆಯ ನಲ್ಲಿಗೆ ಬರುತ್ತದೆ.

ಉಳಿದ ನೀರುಗಳು

ಸಿಂಕಿನ ನೀರನ್ನು ಬಳಸಲೇಬೇಕೆಂದರೆ ಜಿಡ್ಡು ಹಿಡಿಯುವ ತೊಟ್ಟಿಯ ಮೂಲಕ ಬಾಳೆಯ ಗುಂಡಿಗೆ ಬಿಡಿ: ಒಂದು ಮೀಟರ್ ಅಗಲದ ಗುಂಡಿ ತುಂಬ ಒಣಕಡ್ಡಿ, ತರಗೆಲೆ, ಸುತ್ತ ನಾಲ್ಕೈದು ಬಾಳೆ. ಆರ್‌ಒ ಯಂತ್ರ ಒಂದು ಲೀಟರ್ ಕೊಡಲು ಸುಮಾರು ಮೂರು ಲೀಟರ್ ಹೊರಬಿಡುತ್ತದೆ. ಕಾವೇರಿ ನೀರಿನದಾದರೆ ನೆಲ ಒರೆಸಲು, ಪಾತ್ರೆಯ ಮೊದಲ ತೊಳೆತಕ್ಕೆ ಧಾರಾಳವಾಗಿ ಬಳಸಬಹುದು. ಗಡಸು ಬೋರ್‌ವೆಲ್ ನೀರಿನದಾದರೆ ಅದರಲ್ಲಿ ಉಪ್ಪು ಇನ್ನಷ್ಟು ಸಾಂದ್ರವಾಗಿರುತ್ತದೆ, ಗಿಡದ ಹತ್ತಿರ ಸುಳಿಯಗೊಡಬೇಡಿ. ಅಷ್ಟಕ್ಕೂ ಕಾವೇರಿ ನೀರಿಗೆ ಆರ್‌ಒ ಏಕೆ ಎಂಬುದು ಬೇರೆ ಪ್ರಶ್ನೆ.

ಬೂದು ನೀರನ್ನು ಮಳೆನೀರಿನ ಇಂಗುಬಾವಿಗೆ ಅಥವಾ ಬತ್ತಿದ ಬೋರ್‌ವೆಲ್ಲಿಗೆ ಎಂದೂ ಬಿಡಬಾರದು. ಮಣ್ಣಿನ ಮೇಲ್ಪದರ ಮಾಡಬೇಕಾದ ಶೋಧನೆ ತಪ್ಪಿಹೋಗಿ ಕೊಳೆ ನೇರವಾಗಿ ಅಂತರ್ಜಲ ಸೇರುತ್ತದೆ. ರಸ್ತೆ ಬದಿಯ ಮಳೆನೀರು ಚರಂಡಿಗೂ ಬಿಡಬಾರದು. ಅದು ರಾಜಕಾಲುವೆಯ ಮೂಲಕ ಕೆರೆಗೆ ಹೋಗುವ ದಾರಿ, ಬೆಳ್ಳಂದೂರು ಕೆರೆಯ ನೊರೆಯಲ್ಲಿ ನಮ್ಮ ಮನೆಗಳ ಡಿಟರ್ಜೆಂಟಿನ ಪಾಲೂ ಇತ್ತು.

ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ನಗರದಲ್ಲಿ ಮಳೆ ಜೋರಾಗಿದ್ದು ನೆಲ ನೆನೆದಿರುವಾಗ ವಾಲ್ವನ್ನು ಒಳಚರಂಡಿಗೆ ತಿರುಗಿಸಿ, ಜಲ್ಲಿಯ ಪಾತಿ ಇರುವವರು ಗಿಡಗಳು ಸಾಯದಷ್ಟು ನೀರನ್ನು ಮಾತ್ರ ಅದಕ್ಕೆ ಬಿಡಲಿ. ಅದೇ ಸಮಯದಲ್ಲಿ ತಂಗುಗುಂಡಿಯ ಕೆಸರು ತೆಗೆಸಿ, ಕಾಬಾಳೆಯನ್ನು ಮೊಣಕಾಲೆತ್ತರಕ್ಕೆ ಕತ್ತರಿಸಿ. ವಾಲ್ವಿನ ಪಕ್ಕದ ಗೋಡೆಯ ಮೇಲೆ ಯಾವ ಕಡೆ ತಿರುಗಿಸಿದರೆ ನೀರು ಎಲ್ಲಿಗೆ ಹೋಗುತ್ತದೆ ಎಂದು ಬಣ್ಣದಲ್ಲಿ ಬರೆಸಿಡಿ. ಮನೆಗೆಲಸದವರಿಗೂ ಮುಂದೆ ಬರುವ ಬಾಡಿಗೆದಾರರಿಗೂ ಅದು ಬೇಕಾಗುತ್ತದೆ.