ಶಾಸಕರ ಭತ್ಯೆಯ ಲೆಕ್ಕ ನೋಟಿಸ್ ಬೋರ್ಡಿಗೆ ಬಂದದ್ದು ಹೀಗೆ

ಕೊನೆಗೂ ಆಯಿತು. ನಮ್ಮ ಕ್ಷೇತ್ರದ ಶಾಸಕರು ತಮ್ಮ ಭತ್ಯೆಯ ಖರ್ಚನ್ನು ಮೂರು ತಿಂಗಳಿಗೊಮ್ಮೆ ತಮ್ಮ ಕಚೇರಿಯ ನೋಟಿಸ್ ಬೋರ್ಡಿಗೆ ಹಾಕುತ್ತಿದ್ದಾರೆ. "ಎಂಎಲ್‌ಎ ಹತ್ರ ಲೆಕ್ಕ ಕೇಳ್ತೀರಾ? ಪೆನ್ಷನ್ ತಗೊಂಡು ಆರಾಮಾಗಿರಿ ಸಾರ್" ಅಂದಿದ್ದ ಗೆಳೆಯರೇ ಈಗ ನನ್ನ ಅರ್ಜಿಯ ನಕಲು ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ. ಮಾಹಿತಿ ಹಕ್ಕು ಅರ್ಜಿ ಹಾಕುವುದು ನಿಮಗೆಲ್ಲ ಗೊತ್ತು, ಅದನ್ನು ಬಿಡುತ್ತೇನೆ.

ನಾನು ಸರ್ಕಾರಿ ಲೆಕ್ಕಪತ್ರದ ಕೆಲಸದಲ್ಲಿ ಮೂವತ್ತು ವರ್ಷದ ಹತ್ತಿರ ಇದ್ದವನು. ಬಿಲ್ಲು ನೋಡಿದರೆ ಎಲ್ಲಿ ಬೆರಳಿಡಬೇಕು ಅಂತ ಗೊತ್ತಾಗುತ್ತದೆ. 2022ರ ಫೆಬ್ರವರಿಯಲ್ಲಿ ಕರ್ನಾಟಕದ ಸದನದಲ್ಲಿ ಗದ್ದಲದ ನಡುವೆ, ಚರ್ಚೆಯೇ ಇಲ್ಲದೆ ಶಾಸಕರ ಸಂಬಳದ ಮಸೂದೆ ಪಾಸಾಯಿತು. 25 ಸಾವಿರ ಇದ್ದ ಸಂಬಳ 40 ಸಾವಿರ ಆಯಿತು ಅಂತ ಎಲ್ಲರೂ ಕೂಗಿದರು. ನಾನು ಇಡೀ ಪಟ್ಟಿ ಕೂಡಿಸಿದೆ. ಸಂಬಳ 40 ಸಾವಿರ, ಕ್ಷೇತ್ರ ಭತ್ಯೆ 60, ಕ್ಷೇತ್ರ ಪ್ರಯಾಣ 60, ಟೆಲಿಫೋನ್ 20, ಅಂಚೆ 5, ಸಹಾಯಕರಿಗೆ 20. ಆಗ ತಿಂಗಳಿಗೆ ಒಟ್ಟು 2.05 ಲಕ್ಷ. ಸಂಬಳ ಅದರಲ್ಲಿ ಐದನೇ ಒಂದು ಪಾಲೂ ಇರಲಿಲ್ಲ! ಉಳಿದದ್ದೆಲ್ಲ ತಿಂಗಳಿಗೆ ಇಷ್ಟು ಅಂತ ಇಡಿಯಾಗಿ ಹೋಗುವ ದುಡ್ಡು.

ಸಂಬಳ ಕಡಿಮೆ, ಭತ್ಯೆ ಜಾಸ್ತಿ ಯಾಕೆ? ನನ್ನ ಪ್ರಕಾರ ತೆರಿಗೆಯೂ ಒಂದು ಕಾರಣ. 1961ರ ಆದಾಯ ತೆರಿಗೆ ಕಾಯ್ದೆಯ 10(17)ನೇ ಸೆಕ್ಷನ್ ಪ್ರಕಾರ, ಹಳೆ ತೆರಿಗೆ ಪದ್ಧತಿಯಲ್ಲಿ ಶಾಸಕರ ಕ್ಷೇತ್ರ ಭತ್ಯೆಗೂ ದಿನಭತ್ಯೆಗೂ ತೆರಿಗೆ ಇರಲಿಲ್ಲ. ಸಂಬಳಕ್ಕೆ ಇತ್ತು.

ನಮ್ಮೂರಲ್ಲಿ ಏರಿಕೆ ವಾಪಸ್ ತಗೊಳ್ಳಿ ಅಂತ ಸಹಿ ಸಂಗ್ರಹ ನಡೆಯಿತು. ಬ್ಯಾನರು, ಶಾಮಿಯಾನ, ಮೈಕು ಅಂತ ಎಂಟು ಹತ್ತು ಸಾವಿರ ಖರ್ಚಾಯಿತು. ಏನೂ ಆಗಲಿಲ್ಲ. ಸಂವಿಧಾನದ 195ನೇ ವಿಧಿಯ ಪ್ರಕಾರ ಅವರ ಸಂಬಳವನ್ನು ಅವರ ಸದನವೇ ಕಾನೂನು ಮಾಡಿ ತೀರ್ಮಾನಿಸುತ್ತದೆ. ಕಡಿಮೆ ಮಾಡಿ ಅಂದರೆ ಯಾರು ಕೇಳುತ್ತಾರೆ? 2025ರ ಮಾರ್ಚಿನಲ್ಲಿ 40 ಸಾವಿರ 80 ಸಾವಿರವೇ ಆಯಿತು. ಆಗಲೂ ಸದನದಲ್ಲಿ ಗದ್ದಲ. ಎಷ್ಟು ಬೇಕಾದರೂ ತಗೊಳ್ಳಿ, ಎಲ್ಲಿ ಹೋಯಿತು ಅಂತ ತೋರಿಸಿ. ನಾನು ಹಿಡಿದ ದಾರಿ ಅದು.

ಮೊದಲ ಮಾಹಿತಿ ಹಕ್ಕು ಅರ್ಜಿಗೆ ಬಂದ ಉತ್ತರ 'ವೈಯಕ್ತಿಕ ಮಾಹಿತಿ, 8(1)(ಜೆ)'. ವೈಯಕ್ತಿಕ ಮಾಹಿತಿ ಕೊಡದಿರಲು ಮಾಹಿತಿ ಹಕ್ಕು ಕಾಯ್ದೆಯಲ್ಲಿರುವ ಸೆಕ್ಷನ್ ಅದು. ಮುಂದಿನದಕ್ಕೆ ಉತ್ತರವೇ ಇಲ್ಲ. ಮೇಲ್ಮನವಿ ಹಾಕಿದ ಮೇಲೆ 'ಎರಡು ಸಾವಿರ ಪುಟ ಇದೆ, ನಾಲ್ಕು ಸಾವಿರ ಕಟ್ಟಿ' ಅಂದರು. ಪುಟಕ್ಕೆ ಎರಡು ರೂಪಾಯಿ ನಿಯಮ, ಅದು ಸರಿಯೇ. ಆದರೆ ನನಗೆ ಬೇಕಾದದ್ದು ಆರೇಳು ಪುಟ ಅಷ್ಟೇ. ಹೀಗೇ ಒಂದು ವರ್ಷ ಹೋಯಿತು.

ಆಮೇಲೆ ಹಳೆಯ ಕಸುಬಿಗೆ ಬಂದೆ. ಬಜೆಟ್ ಪುಸ್ತಕದಲ್ಲಿ ಲೆಕ್ಕ ಶೀರ್ಷಿಕೆ 2011 ಅಂತ ಇದೆ (ಇಸವಿಯಲ್ಲ, ಖರ್ಚಿನ ವಿಭಾಗದ ಸಂಖ್ಯೆ), ಶಾಸಕಾಂಗದ ಖರ್ಚೆಲ್ಲ ಅದರಡಿ. ಮಂತ್ರಿಗಳದ್ದು 2013. ಅರ್ಜಿಯಲ್ಲಿ ಶಾಸಕರ ಹೆಸರು ತೆಗೆದುಹಾಕಿದೆ. 2011ರ ಅಡಿ ಒಬ್ಬ ಸದಸ್ಯರಿಗೆ ಒಂದೇ ಒಂದು ತಿಂಗಳು ಯಾವ ಯಾವ ಬಾಬಿನಲ್ಲಿ ಎಷ್ಟು ಬಟವಾಡೆ ಆಗುತ್ತದೆ, ಅಷ್ಟೇ ಪ್ರಶ್ನೆ. ಆಧಾರಕ್ಕೆ ಮಾಹಿತಿ ಹಕ್ಕು ಕಾಯ್ದೆಯ 4(1)(ಬಿ)ಯ 11ನೇ ಅಂಶ ಬರೆದೆ. ಬಜೆಟ್ಟು, ಬಟವಾಡೆಯ ವರದಿ ಕೇಳದೆಯೇ ಪ್ರಕಟಿಸಬೇಕು ಅನ್ನುತ್ತದೆ ಅದು. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ನನ್ನದು ಅರವತ್ತು ಪದ ದಾಟಲಿಲ್ಲ. ಕೊನೆಯ ಸಾಲು ಏನು ಬರೆದೆ ಅಂತ ಇಲ್ಲಿ ಹೇಳುವುದಿಲ್ಲ. ಹೇಳಿದರೆ ನಾಳೆಯಿಂದ ಅದಕ್ಕೂ ಒಂದು ಸಿದ್ಧ ಉತ್ತರ ತಯಾರಾಗುತ್ತದೆ. ಆದರೆ ತಿಂಗಳೊಳಗೆ ಕಾಗದ ಕೈಗೆ ಬಂತು.

ಅದರಿಂದ ಒಂದು ಹಾಳೆ ಮಾಡಿದೆ. ಎಡಗಡೆ ಸರ್ಕಾರ ಕೊಟ್ಟದ್ದು, ಬಲಗಡೆ ಖರ್ಚಾದದ್ದು. ಬಲಗಡೆ ಪೂರ್ತಿ ಖಾಲಿ. ಅದನ್ನು ಶಾಸಕರಿಗೆ ಕೊಟ್ಟೆ. "ನೀವೇ ತುಂಬಿಸಿಕೊಡಿ ಸಾರ್, ಜನ ಸುಮ್ಮನೆ ಏನೇನೋ ಮಾತಾಡ್ತಾರೆ" ಅಂದೆ. ಆಪ್ತ ಸಹಾಯಕರು ನಾಲ್ಕೈದು ತಿಂಗಳು ಓಡಾಡಿಸಿದರು.

ಈ ನಡುವೆ ಒಂದು ಲೆಕ್ಕ ಹಾಕಿ ನೋಡಿದೆ. ಡೀಸೆಲ್ ಲೀಟರಿಗೆ 90 ರೂಪಾಯಿ, ಗಾಡಿ ಹತ್ತು ಕಿಲೋಮೀಟರ್ ಕೊಡುತ್ತದೆ ಅಂತಿಟ್ಟುಕೊಳ್ಳಿ. ಕ್ಷೇತ್ರ ಪ್ರಯಾಣದ ಆ 60 ಸಾವಿರಕ್ಕೆ ದಿನಕ್ಕೆ ಸುಮಾರು 220 ಕಿಲೋಮೀಟರ್ ಓಡಬಹುದು. ನಮ್ಮ ಕ್ಷೇತ್ರ ಈ ತುದಿಯಿಂದ ಆ ತುದಿಗೆ ಐವತ್ತು ಚಿಲ್ಲರೆ. ಡ್ರೈವರ್, ಟೈರು, ರಿಪೇರಿ ಸೇರಿಸಿದರೆ ಅಷ್ಟೇನೂ ಹೆಚ್ಚಲ್ಲ ಅನ್ನಿಸಿತು. ಇದನ್ನೂ ಶಾಸಕರಿಗೆ ತೋರಿಸಿದೆ. ನಾನು ತಪ್ಪು ಹುಡುಕಲು ಬಂದಿಲ್ಲ ಅಂತ ಅವರಿಗೆ ನಂಬಿಕೆ ಬಂದದ್ದು ಇದರಿಂದಲೇ. ಪಂಚಾಯಿತಿ ಸದಸ್ಯರ ಮೇಲೂ ಇದೇ ಹಾಳೆ ಪ್ರಯೋಗ ಮಾಡಿದೆ. ಅವರ ಗೌರವಧನ ಒಂದೆರಡು ಸಾವಿರ, ಬಸ್ ಚಾರ್ಜು ಚಹಾಕ್ಕೇ ಮುಗಿದಿತ್ತು. ಅಲ್ಲಿಗೆ ಬಿಟ್ಟೆ.

ಮೊದಲ ಹಾಳೆ ನೋಡಿ ನನಗೇ ಆಶ್ಚರ್ಯವಾಯಿತು. ಕ್ಷೇತ್ರ ಭತ್ಯೆಯಲ್ಲಿ ಮುಕ್ಕಾಲು ಪಾಲು ಮದುವೆ ಮುಯ್ಯಿ, ಆಸ್ಪತ್ರೆ ಸಹಾಯ, ಜಾತ್ರೆ, ಸಾವಿನ ಮನೆಗೆ ಹೋಗಿದೆ. ಕಚೇರಿಯ ಇಬ್ಬರು ಹುಡುಗರ ಸಂಬಳ 20 ಸಾವಿರದಲ್ಲಿ ಮುಗಿಯುತ್ತಿರಲಿಲ್ಲ. ಮಸೂದೆ ಓದಿ ಟಿಪ್ಪಣಿ ಮಾಡಿಕೊಡಲು ಒಬ್ಬರೂ ಇಲ್ಲ. ಈ ದುಡ್ಡು ಶಾಸನದ ಕೆಲಸಕ್ಕೆ ಹೋಗಬೇಕಿತ್ತು ಅಲ್ವಾ? ಹಾಳೆ ನೋಡಿದ ಜನರೂ ಅದನ್ನೇ ಕೇಳಿದರು. ಈಗ ಶಾಸಕರು ಕಾನೂನು ಓದಿದ ಒಬ್ಬ ಹುಡುಗಿಯನ್ನು ಕೆಲಸಕ್ಕೆ ಇಟ್ಟುಕೊಂಡಿದ್ದಾರೆ.

ನನ್ನ ಖರ್ಚು ಪೋಸ್ಟಲ್ ಆರ್ಡರು, ಜೆರಾಕ್ಸು, ಬೆಂಗಳೂರಿನ ಬಸ್ಸು ಎಲ್ಲ ಸೇರಿ ಐದಾರು ಸಾವಿರ. ಆ ಶಾಮಿಯಾನಕ್ಕಿಂತ ಕಡಿಮೆ.

ನೀವು ಮಾಡುವುದಾದರೆ ಒಂದು ಮಾತು. 2023ರ ಡೇಟಾ ಸಂರಕ್ಷಣಾ ಕಾಯ್ದೆ 8(1)(ಜೆ)ಯನ್ನು ಇನ್ನೂ ಬಿಗಿ ಮಾಡಿದೆ. ಹಾಗಾಗಿ ವ್ಯಕ್ತಿಯ ಹೆಸರು ಹಿಡಿದು ಕೇಳಬೇಡಿ, ಶೀರ್ಷಿಕೆ ಹಿಡಿದು ಕೇಳಿ. ನಾನು ಮುಂದೆ ಕೈ ಹಾಕುವುದು ರೈಲು, ವಿಮಾನದ ವಾರ್ಷಿಕ ಭತ್ಯೆಗೆ. ಪಕ್ಕದ ಕ್ಷೇತ್ರದ ಇಬ್ಬರು ಜೊತೆಗೆ ಬರುತ್ತೇವೆ ಅಂದಿದ್ದಾರೆ.