ಪ್ರೆಶರ್ ವಾಷರ್ ಹಿಡಿದು ಹೊರಗೋಡೆ ತೊಳೆದ ನನ್ನ ಅನುಭವ

ಹೊರಗೋಡೆಗೆ ಹೊಸ ಬಣ್ಣ ಬಳಿಯುವ ಮುಂಚೆ ಪಾಚಿ, ಧೂಳು ಎಲ್ಲಾ ತೆಗೆಯಬೇಕಿತ್ತು. ನೀರನ್ನು ಭಾರೀ ಒತ್ತಡದಲ್ಲಿ ಚಿಮ್ಮಿಸುವ ಪ್ರೆಶರ್ ವಾಷರ್ ಯಂತ್ರ ತಂದು ನಾನೇ ತೊಳೆದೆ. ಯಂತ್ರ ಓಡಿದ್ದಕ್ಕಿಂತ ಅದಕ್ಕೆ ಮುಂಚಿನ ತಯಾರಿಗೇ ಜಾಸ್ತಿ ಹೊತ್ತು ಹಿಡಿಯಿತು. ಈ ಕೆಲಸ ಹಾಗೇ ಆಗಬೇಕು ಅನ್ನೋದು ನನ್ನ ಅಭಿಪ್ರಾಯ.

ಮೊದಲು ಗೋಡೆಯನ್ನು ಬೆರಳ ಗೆಣ್ಣಿನಿಂದ ತಟ್ಟುತ್ತಾ ಮನೆ ಸುತ್ತ ಬಂದೆ. ಗಾರೆ ಗಟ್ಟಿಯಿದ್ದ ಕಡೆ ಬಿಗಿ ಸದ್ದು. ಹಿಂಬದಿ ಕಿಟಕಿಯ ಕೆಳಗೆ ಅಂಗೈ ಅಗಲದಷ್ಟು ಜಾಗ ಮಾತ್ರ ಡಬ್ ಡಬ್ ಅಂತ ಟೊಳ್ಳಾಗಿ ಕೇಳಿಸಿತು. ಅಲ್ಲಿಂದ ಕೂದಲೆಳೆಯಷ್ಟು ಸಣ್ಣ ಬಿರುಕು ಚೌಕಟ್ಟಿನವರೆಗೂ ಹೋಗಿತ್ತು. ಅಂಥ ಬಿರುಕಿಗೆ ಜೋರು ನೀರು ಬಿಟ್ಟರೆ ಅದು ಗಾರೆಯ ಹಿಂದೆ ಸೇರಿಕೊಂಡು ಗಾರೆಯನ್ನೇ ಎಬ್ಬಿಸುತ್ತದೆ, ಇಲ್ಲವೇ ಒಳಗೋಡೆಯಲ್ಲಿ ತೇವವಾಗಿ ಕಾಣಿಸಿಕೊಳ್ಳುತ್ತದೆ. ಅದಕ್ಕೇ ಸೀಮೆಸುಣ್ಣದಲ್ಲಿ ಸುತ್ತ ಗೆರೆ ಎಳೆದೆ. ಆ ಜಾಗಕ್ಕೆ ಬ್ರಷ್ಷು, ಬಕೆಟ್ಟು ಮಾತ್ರ. ತುಂಬಾ ಹಳೆಯ ಬಣ್ಣ ಚಕ್ಕೆ ಏಳುತ್ತಿದ್ದರೆ ಯಂತ್ರ ಹಚ್ಚಲೇಬೇಡಿ. ಅದರಲ್ಲಿ ಸೀಸ ಇರುವ ಸಾಧ್ಯತೆಯಿದೆ, ಸಿಡಿದ ಚಕ್ಕೆಗಳು ಮಕ್ಕಳು ಆಡುವ ಮಣ್ಣಿಗೇ ಬೀಳುತ್ತವೆ.

ಆಮೇಲೆ ಕರೆಂಟು. ಹೊರಗಿನ ದೀಪ, ಸ್ವಿಚ್ಚು, ಕಾಲಿಂಗ್ ಬೆಲ್ಲಿನ ಲೈನು ಆಫ್ ಮಾಡಿ, ಪ್ಲಾಸ್ಟಿಕ್ ಹಾಳೆ ಸುತ್ತಿ ಟೇಪ್ ಅಂಟಿಸಿದೆ. ಆದರೂ ಆ ಕಡೆ ನೇರವಾಗಿ ನೀರು ಹಾರಿಸಲಿಲ್ಲ. ಯಂತ್ರದ ಪ್ಲಗ್ಗನ್ನು ಆರ್‌ಸಿಸಿಬಿ, ಅಂದರೆ ಕರೆಂಟು ಸೋರಿದ ಕೂಡಲೇ ಲೈನು ಕಡಿಯುವ ಸ್ವಿಚ್ಚು ಇರುವ ಲೈನಿಗೇ ಹಾಕಿದೆ. ಅದರ ಟೆಸ್ಟ್ ಬಟನ್ ಒತ್ತಿ, ಟಪ್ ಅಂತ ಬೀಳುತ್ತದೆಯೇ ಅಂತ ನೋಡಿಕೊಂಡೇ ಶುರು ಮಾಡಿದ್ದು. ಪೆಟ್ರೋಲ್ ಯಂತ್ರವಾದರೆ ಅಪಾಯ ಬೇರೆ. ಅದನ್ನು ಗ್ಯಾರೇಜಿನಂಥ ಮುಚ್ಚಿದ ಜಾಗದಲ್ಲಾಗಲಿ, ತೆರೆದ ಕಿಟಕಿಯ ಪಕ್ಕದಲ್ಲಾಗಲಿ ಇಡಬಾರದು. ಹೊಗೆಯಲ್ಲಿ ಬರುವ ಕಾರ್ಬನ್ ಮೊನಾಕ್ಸೈಡ್ ಅನ್ನೋ ವಿಷಾನಿಲಕ್ಕೆ ವಾಸನೆಯೇ ಇಲ್ಲ.

ಎಲ್ಲಕ್ಕಿಂತ ಮುಖ್ಯವಾದ ಮಾತು ಈಗ ಹೇಳುತ್ತೇನೆ. ಮನೆಬಳಕೆಯ ಸಣ್ಣ ಯಂತ್ರವೂ ಸುಮಾರು 100 ಬಾರ್, ಅಂದರೆ 1450 ಪಿಎಸ್‌ಐ ಒತ್ತಡ ಕೊಡುತ್ತದೆ. ಚರ್ಮ ಸೀಳಿ ಒಳಹೋಗಲು ಅದರ ಹತ್ತನೇ ಒಂದು ಪಾಲೂ ಬೇಕಿಲ್ಲ. ಗಾಯ ನೋಡಿದರೆ ಸೂಜಿ ಚುಚ್ಚಿದಷ್ಟೇ ಇರುತ್ತದೆ, ನೋವೂ ಮೊದಲಿಗೆ ಕಡಿಮೆ ಇರಬಹುದು. ಆದರೆ ಒಳಗೆ ನೀರು, ಸೋಪು, ಕೊಳೆ ಎಲ್ಲಾ ಹೊಕ್ಕಿರುತ್ತದೆ. ಬೆರಳನ್ನೇ ಕಳೆದುಕೊಳ್ಳುವ ಪರಿಸ್ಥಿತಿ ಬರಬಹುದು. ಸಂಜೆವರೆಗೂ ಕಾಯದೆ ಆಸ್ಪತ್ರೆಗೆ ಹೋಗಿ, ಪ್ರೆಶರ್ ವಾಷರ್ ನೀರು ಚರ್ಮದೊಳಗೆ ಹೊಕ್ಕಿದೆ ಅಂತ ಡಾಕ್ಟರಿಗೆ ಸ್ಪಷ್ಟವಾಗಿ ಹೇಳಬೇಕು. ಕಾಲಿನ ಕೆಸರು ತೊಳೆದುಕೊಳ್ಳಲು ನೀರು ಚಿಮ್ಮುವ ಗನ್ನನ್ನು ಕಾಲಿನತ್ತ ತಿರುಗಿಸುವವರನ್ನು ನೋಡಿದರೆ ನನಗೆ ಎದೆ ಝಲ್ಲೆನ್ನುತ್ತದೆ. ನಾನಂತೂ ಕನ್ನಡಕ, ಗ್ಲೌಸು, ಮುಚ್ಚಿದ ಬೂಟು ಹಾಕಿಕೊಂಡೇ ಗನ್ ಮುಟ್ಟಿದ್ದು. ಕೈಬಿಡುವಾಗೆಲ್ಲ ಟ್ರಿಗರ್ ಲಾಕ್ ಹಾಕಿದೆ. ಮಕ್ಕಳು, ನಾಯಿ ಒಳಗೇ ಇರಬೇಕು ಅಂತ ಮನೆಯವರಿಗೆ ಮೊದಲೇ ಹೇಳಿದ್ದೆ.

ಗನ್ನಿನ ತುದಿಗೆ ಹಾಕುವ ನಾಜಲ್‌ಗಳಿಗೆ ಸಾಮಾನ್ಯವಾಗಿ ಬಣ್ಣದ ಗುರುತಿರುತ್ತದೆ, ನೀರು ಎಷ್ಟು ಅಗಲಕ್ಕೆ ಹರಡುತ್ತದೆ ಅನ್ನೋದನ್ನು ಡಿಗ್ರಿಯಲ್ಲಿ ಹೇಳುತ್ತಾರೆ. ಕೆಂಪು ಅಂದರೆ 0 ಡಿಗ್ರಿ, ಸೂಜಿಯಂಥ ಧಾರೆ. ಹಳದಿ 15, ಹಸಿರು 25, ಬಿಳಿ 40 ಡಿಗ್ರಿ. ಕಪ್ಪು ಸೋಪಿಗೆ. ಗೋಡೆಗೆ ನಾನು ಬಳಸಿದ್ದು ಬಿಳಿ ಮತ್ತು ಕಪ್ಪು ಮಾತ್ರ. ಕೆಂಪನ್ನು ಪೆಟ್ಟಿಗೆಯಿಂದ ತೆಗೆಯಲೇ ಇಲ್ಲ.

ಕಣ್ಣಿಗೆ ಬೀಳದ ಒಂದು ಮೂಲೆಯಲ್ಲಿ ಪರೀಕ್ಷೆ ಮಾಡಿದೆ. ಐದಡಿ ದೂರದಿಂದ ಶುರುಮಾಡಿ, ಗನ್ನನ್ನು ಒಂದೇ ಕಡೆ ನಿಲ್ಲಿಸದೆ ಆಡಿಸುತ್ತಾ ನಿಧಾನಕ್ಕೆ ಹತ್ತಿರ ಬಂದೆ. ಮೊದಲು ಧೂಳು ಇಳಿಯಿತು. ಇನ್ನೂ ಹತ್ತಿರ ಹೋದಾಗ ಹರಿಯುವ ನೀರಿನಲ್ಲಿ ಮರಳಿನ ಕಾಳು ಕಂಡವು. ಗಾರೆ ಸವೆಯಲು ಶುರುವಾಗುವ ಗುರುತು ಅದೇ. ಅಲ್ಲಿಂದ ಎರಡಡಿ ಹಿಂದೆ ಸರಿದು, ಇಡೀ ಗೋಡೆಗೆ ಆ ದೂರವನ್ನೇ ಇಟ್ಟುಕೊಂಡೆ.

ಪಾಚಿಯನ್ನು ನೀರಿನ ಹೊಡೆತದಿಂದಲೇ ಕೆರೆದು ತೆಗೆಯಲು ಹೋಗಬಾರದು, ಅದು ಸೋಪಿನ ಕೆಲಸ. ಬಿಸಿಲು ಬೀಳದ ಹೊತ್ತಿನಲ್ಲಿ, ಹತ್ತಿರದ ಗಿಡಗಳಿಗೆ ಮೊದಲು ಬರೀ ನೀರು ಹಾಕಿ ನೆನೆಸಿ, ಸೋಪನ್ನು ಕೆಳಗಿನಿಂದ ಮೇಲಕ್ಕೆ ಹಚ್ಚಿದೆ. ಮೇಲಿನಿಂದ ಹಚ್ಚಿದರೆ ಒಣ ಗೋಡೆ ಮೇಲೆ ಇಳಿದು ಗೆರೆ ಗೆರೆ ಕಲೆಯಾಗುತ್ತದೆ. ಹತ್ತು ನಿಮಿಷ ಬಿಟ್ಟು, ಒಣಗುವ ಮುಂಚೆ ಮೇಲಿನಿಂದ ಕೆಳಕ್ಕೆ ತೊಳೆದೆ. ಹಟ ಹಿಡಿದ ಪಾಚಿಗೆ ತೆಳು ಮಾಡಿದ ಬ್ಲೀಚನ್ನು ಬ್ರಷ್ಷಿನಿಂದ ಹಚ್ಚಿದೆ. ಬ್ಲೀಚಿಗೆ ಆಸಿಡ್ಡನ್ನಾಗಲಿ ಟಾಯ್ಲೆಟ್ ಕ್ಲೀನರನ್ನಾಗಲಿ ಎಂದೂ ಬೆರೆಸಬೇಡಿ. ಏಳುವ ಕ್ಲೋರಿನ್ ಅನಿಲ ಉಸಿರನ್ನೇ ಕಟ್ಟಿಸುತ್ತದೆ.

ಏಣಿ ಹತ್ತಲಿಲ್ಲ. ಟ್ರಿಗರ್ ಒತ್ತಿದ ತಕ್ಷಣ ಗನ್ ಹಿಂದಕ್ಕೆ ಒದೆಯುತ್ತದೆ, ಏಣಿ ಮೇಲೆ ಆ ಒದೆತ ತಡೆಯುವುದು ಕಷ್ಟ. ಎತ್ತರದ ಜಾಗಕ್ಕೆ ನೆಲದಲ್ಲೇ ನಿಂತು ಉದ್ದ ಕೋಲಿನ ಬ್ರಷ್ ಬಳಸಿದೆ. ಕಿಟಕಿ ಸಂದಿಗೆ, ಹೆಂಚಿನ ಅಡಿಗೆ ಕೆಳಗಿನಿಂದ ಮೇಲಕ್ಕೆ ನೀರು ಹಾರಿಸಲಿಲ್ಲ, ಅದು ಸೀದಾ ಒಳಗೇ ನುಗ್ಗುತ್ತದೆ.

ಮುಗಿದ ಮೇಲೆ ಯಂತ್ರ ಆಫ್ ಮಾಡಿ, ನಲ್ಲಿ ನಿಲ್ಲಿಸಿ, ಟ್ರಿಗರನ್ನು ಇನ್ನೊಮ್ಮೆ ಒತ್ತಿ ಪೈಪಿನಲ್ಲಿ ಉಳಿದ ಒತ್ತಡ ಬಿಟ್ಟೆ. ನಾಜಲ್ ಕಳಚಿದ್ದು ಅದಾದ ಮೇಲೇ. ಬಣ್ಣಕ್ಕೆ ಮಾತ್ರ ಅವಸರ ಮಾಡಲಿಲ್ಲ. ಗೋಡೆಗೆ ಪ್ಲಾಸ್ಟಿಕ್ ಹಾಳೆಯ ಒಂದು ತುಂಡನ್ನು ನಾಲ್ಕೂ ಬದಿ ಟೇಪ್ ಹಾಕಿ ರಾತ್ರಿ ಅಂಟಿಸಿಟ್ಟೆ. ಬೆಳಿಗ್ಗೆ ಒಳಗಡೆ ಹನಿ ಕಟ್ಟಿದ್ದರೆ ಗೋಡೆ ಇನ್ನೂ ಹಸಿಯಿದೆ ಅಂತ ಅರ್ಥ. ಹನಿ ಕಾಣದ ದಿನವೇ ಪ್ರೈಮರ್ ಡಬ್ಬಿ ತೆಗೆದೆ.